ಶಬ್ದಕಲೆಗೆ ಮೊದಲು ಕೋಣೆ ಸಜ್ಜಾಗಲಿ

ಮಾನ್ಯ ಸಂಪಾದಕರೇ,

ಯಹೂದಿ ಅನುಭಾವ ಪರಂಪರೆಯಾದ ಕಬ್ಬಾಲಾದಿಂದ ಪ್ರೇರಣೆ ಪಡೆದ ಶಬ್ದಕಲಾಕೃತಿಗಳನ್ನು ಹುಬ್ಬಳ್ಳಿ-ಧಾರವಾಡದಲ್ಲಿ ಕೇಳಿಸಬೇಕೆನ್ನುವ ಸಂಘಟಕರಿಗೆ ನಮ್ಮದೊಂದು ಮನವಿ: ಸ್ಪೀಕರ್ ಬಾಡಿಗೆಗೆ ಹಣ ಹೊಂದಿಸುವ ಮೊದಲು ಕೋಣೆ ನೋಡಿ. ಇಂಥ ಕೃತಿ ಕೆಡುವುದು ಬಹುಪಾಲು ಅಲ್ಲೇ.

ಸೃಷ್ಟಿ ನಡೆದದ್ದು ಹೀಬ್ರೂವಿನ 22 ಅಕ್ಷರ ಮತ್ತು ಸೆಫಿರೋತ್ ಎಂಬ 10 ಮೂಲತತ್ತ್ವಗಳಿಂದ ಎನ್ನುತ್ತದೆ ‘ಸೆಫರ್ ಯೆತ್ಸಿರಾ’ ಎಂಬ ಹಳೆಯ ಗ್ರಂಥ. ಅದರಲ್ಲಿ 3 ತಾಯಿ ಅಕ್ಷರಗಳು: ಮೆಮ್ ನೀರು, ಗುಂಯ್ ಎನ್ನುತ್ತದೆ, ಶಿನ್ ಬೆಂಕಿ, ಬುಸುಗುಡುತ್ತದೆ, ಆಲೆಫ್ ಗಾಳಿ, ಎರಡರ ನಡುವೆ ತೂಗುವ ಉಸಿರು. ಇದನ್ನು ಆಧರಿಸಿದ ಕೃತಿಯಲ್ಲಿ ಈ ಮೂರೂ ದನಿಗಳು ಬೇರೆ ಬೇರೆಯಾಗಿ ಕಿವಿಗೆ ಬೀಳದಿದ್ದರೆ ಕೃತಿಯೇ ಇಲ್ಲ.

ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಬರಿ ಗಾರೆ ಗೋಡೆ, ಕಲ್ಲುಹಾಸಿನ ಕೋಣೆ. 10 ಮೀಟರ್ ಉದ್ದ, 8 ಅಗಲ, 4 ಎತ್ತರವಿದ್ದರೆ ಅನುರಣನ, ಅಂದರೆ ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವ ಗುಂಗು, 5 ಸೆಕೆಂಡಿನ ಹತ್ತಿರ ಹೋಗುತ್ತದೆ. ಒಂದು ಚಪ್ಪಾಳೆ ತಟ್ಟಿ ನೋಡಿ, ತಿಳಿಯುತ್ತದೆ. ಅದನ್ನು 1 ಸೆಕೆಂಡಿಗೆ ಇಳಿಸಬೇಕು. ನವಲಗುಂದದ ಜಮಖಾನ ಹಾಸಿದರೆ ಸಾಲದು. ತೆಳು ಹತ್ತಿಹಾಸು ಶಿನ್‌ನ ಬುಸುಗುಟ್ಟುವಿಕೆಯನ್ನಷ್ಟೇ ಹೀರಿ, ಮೆಮ್‌ನ ಗುಂಯ್ಗುಡುವಿಕೆಯನ್ನು ಹಾಗೇ ಬಿಡುತ್ತದೆ. ದಪ್ಪ ಕೌದಿಗಳನ್ನು ಗೋಡೆಗೆ ಅಂಟಿಸದೆ 10 ಸೆಂ.ಮೀ. ಮುಂದಕ್ಕೆ ತೂಗುಹಾಕಿ. ಎದುರುಬದುರು ಗೋಡೆಗಳಿಗಲ್ಲ, ಮೂಲೆ ಕೂಡುವ ಎರಡು ಗೋಡೆಗಳಿಗೆ. ಆಗ ಎರಡೂ ದಿಕ್ಕಿನ ಮಾರ್ದನಿ ತಗ್ಗುತ್ತದೆ.

ಅಕ್ಷರಕ್ಕೊಂದರಂತೆ 22 ಸ್ಪೀಕರ್‌ಗಳ ವೃತ್ತವಾದರೆ ತ್ರಿಜ್ಯ 3 ಮೀಟರ್ ಸಾಕು. ನಡುವೆ ಸುಮಾರು 85 ಸೆಂ.ಮೀ. ಅಂತರ ಬರುತ್ತದೆ, ಗೋಡೆಯಿಂದಲೂ 1 ಮೀಟರ್ ಉಳಿಯುತ್ತದೆ. ಮೂಲೆಗೆ ತಳ್ಳಿದರೆ ಮಂದ್ರ ಉಬ್ಬಿ ಉಳಿದದ್ದನ್ನೆಲ್ಲ ನುಂಗುತ್ತದೆ. ನೆಲದ ಮೇಲೆ ಕೂತವರ ಕಿವಿ ಸುಮಾರು 75 ಸೆಂ.ಮೀ. ಎತ್ತರದಲ್ಲಿರುತ್ತದೆ, ಸ್ಪೀಕರೂ ಅಷ್ಟೇ ಎತ್ತರದಲ್ಲಿರಲಿ. ಒಂದೇ ಧ್ವನಿಮುದ್ರಣವನ್ನು ಎರಡು ಸ್ಪೀಕರ್‌ಗಳಲ್ಲಿ ಹಾಕಬೇಡಿ; ಕೂತ ಜಾಗಕ್ಕೆ ತಕ್ಕಂತೆ ಕೆಲವು ಸ್ವರಗಳು ಪರಸ್ಪರ ಹೊಡೆದುಹಾಕಿಕೊಳ್ಳುತ್ತವೆ. ಒಂದು ಸಲಕ್ಕೆ 10 ಜನ, ಅದೂ ವೃತ್ತದ ನಡುವೆ. ಅಂಚಿನಲ್ಲಿ ಕೂತವರಿಗೆ ಒಂದೇ ಅಕ್ಷರ ಕೇಳಿಸುತ್ತದೆ. ಮಧ್ಯದಲ್ಲಿ 55ರಿಂದ 60 ಡೆಸಿಬಲ್ ಮೀರುವುದು ಬೇಡ.

ಎಲ್ಲಕ್ಕಿಂತ ಕಷ್ಟದ್ದು ಮೌನ. 16ನೇ ಶತಮಾನದಲ್ಲಿ ಈಗಿನ ಇಸ್ರೇಲಿನ ಸಫೇದ್ ಪಟ್ಟಣದಲ್ಲಿದ್ದ ಕಬ್ಬಾಲಾ ಗುರು ಐಸಾಕ್ ಲೂರಿಯಾ ಬೋಧಿಸಿದ್ದು ತ್ಸಿಮ್ತ್ಸುಮ್: ಅನಂತನಾದ ದೇವರು ತನ್ನನ್ನೇ ಹಿಂದೆಗೆದುಕೊಂಡು ಜಗತ್ತಿಗೆ ಎಡೆ ಮಾಡಿಕೊಟ್ಟ ಎಂಬ ದರ್ಶನ. (ಇದನ್ನು ಅಲ್ಲಮನ ಬಯಲಿಗೆ ಅವಸರದಿಂದ ಜೋಡಿಸುವುದು ಇಬ್ಬರಿಗೂ ಅನ್ಯಾಯ.) ಇದನ್ನು ಆಧರಿಸಿದ ಕೃತಿಯಲ್ಲಿ ನಿಶ್ಶಬ್ದವೂ ರಚನೆಯ ಭಾಗ. ಅಲ್ಲಿ ಫ್ಯಾನಿನ ಸದ್ದು ಬಂದರೆ ಎಲ್ಲ ಮುಗಿದಂತೆ. ಆದ್ದರಿಂದ ಫ್ಯಾನ್ ಬಂದ್ ಇರಲಿ. ಚಳಿಗಾಲದ ಬೆಳಗಿನ ಹೊತ್ತು, 15 ನಿಮಿಷದ ಸರದಿ ಒಳ್ಳೆಯದು. ಅರ್ಥಿಂಗ್ ಸರಿಯಿಲ್ಲದಿದ್ದರೆ ಕರೆಂಟಿನ 50 ಹರ್ಟ್ಸ್ ಗುಂಯ್ ಮೆಮ್‌ನೊಳಗೆ ಬೆರೆತು, ಕೇಳುಗರು ಅದನ್ನೂ ಕೃತಿಯೆಂದೇ ತಿಳಿಯುತ್ತಾರೆ. ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್ ಕೊಡಿ, ಇಂಥ ಗುಂಯ್ ತಗ್ಗಿಸುವ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಏನೂ ನುಡಿಸದೆ, ಎಲ್ಲವನ್ನೂ ಚಾಲೂ ಇಟ್ಟು ಐದು ನಿಮಿಷ ಕಿವಿಗೊಟ್ಟರೆ ದೋಷ ಸಿಕ್ಕಿಬೀಳುತ್ತದೆ. ಉದ್ಘಾಟನಾ ಭಾಷಣ ಹೊರಗೆ ಅಂಗಳದಲ್ಲಿ ನಡೆಯಲಿ.

ಇನ್ನೊಂದು ಮಾತು. ನಾಲ್ಕಕ್ಷರದ ದೇವನಾಮವನ್ನು ಧರ್ಮನಿಷ್ಠ ಯಹೂದಿಗಳು ಬಾಯಿಬಿಟ್ಟು ಉಚ್ಚರಿಸುವುದಿಲ್ಲ. ಸ್ಥಳೀಯ ಕಲಾವಿದರು ಈ ಜಾಡಿನಲ್ಲಿ ಹೊಸದನ್ನು ಕಟ್ಟುವಾಗ, ಪರಿಣಾಮಕ್ಕಾಗಿ ಅದನ್ನು ಸ್ಪೀಕರಿನಲ್ಲಿ ನುಡಿಸುವುದು ಬೇಡ.

– ಧ್ವನಿ ವ್ಯವಸ್ಥೆಯ ಕೆಲಸದ ಗೆಳೆಯರು, ಧಾರವಾಡ