ಓದುವವರನ್ನು ಕಾಯಿಸಬೇಡ

ಗದಗ

ಚಿ. ಸಹನಾಗೆ ಮಾಮಾನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ನೀನು ಕಳಿಸಿದ ಥೀಸಿಸ್ ಅಧ್ಯಾಯ ಓದಿದೆ. ಬ್ಯಾಡಗಿ ಮೆಣಸಿನಕಾಯಿ ಒಣಗಿಸುವಾಗ ಬಣ್ಣ ಯಾಕೆ ಇಳಿಯುತ್ತದೆ ಅನ್ನುವುದು ನಮ್ಮ ಕಡೆ ರೈತರಿಗೆ ದುಡ್ಡಿನ ಪ್ರಶ್ನೆ. ಆ ಕಾಯಿಗೆ ಬೆಲೆ ಸಿಗುವುದೇ ಬಣ್ಣಕ್ಕೆ, ಖಾರಕ್ಕಲ್ಲ. ದೀಪಾವಳಿಗೆ ಬಂದಾಗ ನೀನು ಇದನ್ನೇ ಅಕ್ಕನಿಗೆ ಹೇಳುತ್ತಿದ್ದೆ. ಬಿಸಿಲಿಗೆ ಹಾಕಿದರೆ ಬೇಗ ಒಣಗುತ್ತದೆ, ಆದರೆ ಆ ಬಿಸಿಲೇ ಕೆಂಪನ್ನು ತಿನ್ನುತ್ತದೆ ಅಂದೆ. ಅಕ್ಕನಿಗೂ ತಿಳಿಯಿತು, ನನಗೂ ತಿಳಿಯಿತು. ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದೀಯ:

"ಇಟ್ ವಾಸ್ ಅಬ್ಸರ್ವ್ಡ್ ದ್ಯಾಟ್ ಎ ರಿಡಕ್ಷನ್ ಇನ್ ಕಲರ್ ವಾಸ್ ಎಕ್ಸಿಬಿಟೆಡ್ ಬೈ ದ ಸ್ಯಾಂಪಲ್ಸ್ ದ್ಯಾಟ್ ವರ್ ಡ್ರೈಡ್ ಇನ್ ದ ಸನ್."

ವ್ಯಾಕರಣ ಸರಿಯಿದೆ. ಸ್ಪೆಲ್ಲಿಂಗೂ ಸರಿ. 19 ಶಬ್ದ ಇವೆ. "ದ ಸನ್-ಡ್ರೈಡ್ ಸ್ಯಾಂಪಲ್ಸ್ ಲಾಸ್ಟ್ ಕಲರ್" ಅಂದರೆ ಐದರಲ್ಲಿ ಮುಗಿಯುತ್ತದೆ, ಏನೂ ಕಳೆದುಹೋಗುವುದಿಲ್ಲ. ಬಣ್ಣ ಕಡಿಮೆಯಾಗುವುದು ಒಂದು ಕ್ರಿಯೆ. ನೀನು ಅದನ್ನು "ರಿಡಕ್ಷನ್" ಅಂತ ನಾಮಪದ ಮಾಡಿ ಕೂರಿಸಿದೆ. ಆಮೇಲೆ ವಾಕ್ಯ ನಡೆಸಲು ಕ್ರಿಯಾಪದ ಬೇಕಲ್ಲ, ಅದಕ್ಕೆ "ಎಕ್ಸಿಬಿಟೆಡ್" ತಂದೆ. ಕೆಲಸ ಬಲ್ಲವನನ್ನು ಕಟ್ಟೆಯ ಮೇಲೆ ಕೂರಿಸಿ ಕೂಲಿಗೆ ಇನ್ನೊಬ್ಬನನ್ನು ಕರೆದ ಹಾಗಾಯಿತು. "ಮಾದರಿಗಳಿಂದ ಬಣ್ಣದ ಇಳಿಕೆಯು ತೋರಿಸಲ್ಪಟ್ಟಿತು" ಅಂತ ಅಕ್ಕನ ಮುಂದೆ ಹೇಳಿ ನೋಡು, ಜ್ವರ ಬಂದಿದೆಯಾ ಅಂತ ಹಣೆ ಮುಟ್ಟುತ್ತಾಳೆ.

ಇನ್ನೊಂದು ತೊಡಕಿದೆ. ಅದು ಕನ್ನಡದವರಾದ ನಮಗೆ ಜಾಸ್ತಿ. ಕ್ರಿಯಾಪದಕ್ಕೆ ಕಾಯುವ ತಾಳ್ಮೆ ನಮಗೆ ಹುಟ್ಟಿನಿಂದಲೇ ಬಂದಿದೆ. "ಜನವರಿಯಲ್ಲಿ ಮೋಟೆಬೆನ್ನೂರಿನ ರೈತರಿಂದ ತಂದು ಎರಡು ವಾರ ಗೋಣಿಚೀಲದಲ್ಲಿ ಇಟ್ಟಿದ್ದ ಕಾಯಿಯನ್ನು ತೂಗಿದೆವು." ಇದನ್ನು ಓದಲು ಏನೂ ಕಷ್ಟವಿಲ್ಲ. ವಿವರವೆಲ್ಲ ಕಾಯಿಗಿಂತ ಮೊದಲೇ ಬಂದುಹೋಯಿತು. ಕಾಯಿಯ ಪಕ್ಕದಲ್ಲೇ "ತೂಗಿದೆವು" ಇದೆ. ಇಂಗ್ಲಿಷಿನಲ್ಲಿ ಅದೇ ವಿವರ ಕಾಯಿಯ ನಂತರ ಬಂದು ಸಾಲುಗಟ್ಟುತ್ತದೆ. ನೀನು "ದ ಚಿಲ್ಲೀಸ್" ಅಂತ ಶುರು ಮಾಡಿದೆ. "ವಿಚ್ ವರ್ ಬ್ರಾಟ್" ಬಂತು, "ವಿಚ್ ವರ್ ಸ್ಟೋರ್ಡ್" ಬಂತು, ಎರಡು ಸಾಲು ದಾಟಿದ ಮೇಲೆ "ವರ್ ವೇಯ್ಡ್" ಬಂತು. ಅಷ್ಟರಲ್ಲಿ ಓದುವವರು ಯಾವ ಕಾಯಿ, ಏನು ಕಥೆ ಅಂತ ಹಿಂದಕ್ಕೆ ಹೋಗಿರುತ್ತಾರೆ. ಇದನ್ನು ಎರಡು ವಾಕ್ಯ ಮಾಡು. ಎಲ್ಲಿಂದ ತಂದಿರಿ ಅನ್ನುವುದು ಒಂದು. ಎಷ್ಟು ದಿನ ಇಟ್ಟು ತೂಗಿದಿರಿ ಅನ್ನುವುದು ಇನ್ನೊಂದು. ಕರ್ತೃ ಬಂದ ಏಳೆಂಟು ಶಬ್ದದೊಳಗೆ ಕ್ರಿಯಾಪದ ಬರಲಿ. ಇದು ಕಾನೂನೇನಲ್ಲ, ನನ್ನ ಅಂದಾಜು.

ಕನ್ನಡದ ಜೋಡಣೆ ಇಂಗ್ಲಿಷಿಗೆ ಹೋದರೆ ನಗುವಿಗೂ ಕಾರಣವಾಗುತ್ತದೆ. "ಹತ್ತು ದಿನ ಒಣಗಿದ ಮೇಲೆ ವಿದ್ಯಾರ್ಥಿಗಳು ಕಾಯಿ ಆರಿಸಿದರು" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನೀನು "ಆಫ್ಟರ್ ಡ್ರೈಯಿಂಗ್ ಫಾರ್ ಟೆನ್ ಡೇಸ್, ದ ಸ್ಟೂಡೆಂಟ್ಸ್" ಅಂತ ಬರೆದಿದ್ದೀಯ. ಅಲ್ಲಿ ಒಣಗಿದ್ದು ವಿದ್ಯಾರ್ಥಿಗಳು!

ಪ್ಯಾಸಿವ್ ವಾಯ್ಸ್ ಪೂರ್ತಿ ಬಿಡಬೇಕು ಅಂತ ಹೇಳುವವರೂ ಸಿಗುತ್ತಾರೆ. ಅವರ ಮಾತು ಕೇಳಬೇಡ. ನೀನು ಹೇಗೆ ಪ್ರಯೋಗ ಮಾಡಿದೆ ಅನ್ನುವ ಭಾಗದಲ್ಲಿ "ದ ಸ್ಯಾಂಪಲ್ಸ್ ವರ್ ವೇಯ್ಡ್" ಅನ್ನುವುದು ಸರಿಯಾದ ವಾಕ್ಯ. ಯಾರು ತೂಗಿದರು ಅನ್ನುವುದು ಅಲ್ಲಿ ಯಾರಿಗೂ ಬೇಕಿಲ್ಲ. ನೀನು ಏನು ಕಂಡುಕೊಂಡೆ, ಯಾಕೆ ಹಾಗೆ ಅಂದುಕೊಂಡೆ ಅಂತ ಹೇಳುವ ಕಡೆ ಮಾತ್ರ ಮುಖ ಮರೆಸಿಕೊಳ್ಳಬೇಡ.

ಈಗ ಮಾತಿಗೆ ಒತ್ತು ಕೊಡುವ ವಿಷಯ. ಕನ್ನಡದಲ್ಲಿ ಒಂದು "ಏ" ಹಚ್ಚಿದರೆ ಮುಗಿಯಿತು. ಬಿಸಿಲೇ, ಬಣ್ಣವೇ, ನಾವೇ. ಇಂಗ್ಲಿಷ್ ಬರವಣಿಗೆಯಲ್ಲಿ ಆ ಕೆಲಸವನ್ನು ಹೆಚ್ಚಾಗಿ ಜಾಗ ಮಾಡುತ್ತದೆ. ವಾಕ್ಯದ ಕೊನೆಗೆ ಬಂದ ಮಾತು ತಲೆಯಲ್ಲಿ ಉಳಿಯುತ್ತದೆ. ನಿನ್ನ ವಾಕ್ಯಗಳ ಕೊನೆಯಲ್ಲಿ ಏನಿದೆ ನೋಡು. "ಆಸ್ ರಿಪೋರ್ಟೆಡ್ ಬೈ ಸೆವೆರಲ್ ವರ್ಕರ್ಸ್", "ಇನ್ ದ ಪ್ರೆಸೆಂಟ್ ಸ್ಟಡಿ". ಮುಖ್ಯ ಮಾತು ನಡುವೆ ಸಿಕ್ಕಿಹಾಕಿಕೊಂಡಿದೆ. ಓದುವವರಿಗೆ ಗೊತ್ತಿರುವುದನ್ನು ಮೊದಲು ಇಡು, ಹೊಸದನ್ನು ಕೊನೆಗೆ ಇಡು. ಮೆಣಸಿನಕಾಯಿಯ ಕೆಂಪು ಮುಖ್ಯವಾಗಿ ಕ್ಯಾಪ್ಸಾಂಥಿನ್ ಎಂಬ ಬಣ್ಣದ ವಸ್ತುವಿನಿಂದ ಬರುತ್ತದೆ ಅಂತ ಒಂದು ವಾಕ್ಯ ಕ್ಯಾಪ್ಸಾಂಥಿನ್ ಮೇಲೆ ಮುಗಿಯಲಿ. ಮುಂದಿನ ವಾಕ್ಯ ಅದೇ ಕ್ಯಾಪ್ಸಾಂಥಿನ್‌ನಿಂದ ಶುರುವಾಗಿ ಅದು ಬೆಳಕಿಗೆ ಕೆಡುತ್ತದೆ ಅಂತ ಹೇಳಲಿ. ಹೀಗೆ ಕೊಂಡಿ ಬಿದ್ದರೆ "ಮೋರೋವರ್", "ಫರ್ದರ್‌ಮೋರ್" ಎಷ್ಟೋ ಕಡೆ ತಾವೇ ಉದುರಿಹೋಗುತ್ತವೆ.

ಒಂದೇ ಪುಟದಲ್ಲಿ ಕಲರ್, ಪಿಗ್ಮೆಂಟೇಶನ್, ರೆಡ್‌ನೆಸ್, ಹ್ಯೂ ನಾಲ್ಕೂ ಇವೆ. ಒಂದೇ ಶಬ್ದ ಮತ್ತೆ ಮತ್ತೆ ಬರೆಯಬಾರದು ಅಂತ ಶಾಲೆಯಲ್ಲಿ ಹೇಳಿರುತ್ತಾರೆ, ಪ್ರಬಂಧಕ್ಕೆ ಸರಿ. ಇಲ್ಲಿ ನೀನು ಅಳೆದದ್ದು ಆಸ್ಟಾ ಕಲರ್ ವ್ಯಾಲ್ಯೂ, ಅಂದರೆ ಮಸಾಲೆ ಪದಾರ್ಥದ ಬಣ್ಣದ ಅಳತೆ. ಹಾಗಾದರೆ ಎಲ್ಲ ಕಡೆ ಅದೇ ಇರಲಿ. ಇಲ್ಲವಾದರೆ ನಾಲ್ಕು ಬೇರೆ ಬೇರೆ ಅಳತೆ ಅಂತ ಓದುವವರು ಹುಡುಕುತ್ತಾ ಕೂರುತ್ತಾರೆ.

ಈ ಉಬ್ಬಿದ ಇಂಗ್ಲಿಷ್ ನಿನ್ನದಲ್ಲ, ನಮ್ಮ ಕಚೇರಿಗಳದು. "ಕೈಂಡ್ಲಿ ಡೂ ದ ನೀಡ್‌ಫುಲ್" ಅಂತ ಅರ್ಜಿ ಬರೆದು ಬರೆದು, ದೊಡ್ಡ ಮಾತು ಬರೆದರೇ ಮರ್ಯಾದೆ ಅನ್ನುವ ಹೆದರಿಕೆ ಮನೆಮನೆಗೆ ಬಂದಿದೆ. ಬ್ರಿಟನ್ನಿನ ಖಜಾನೆ ಇಲಾಖೆಯೇ ತನ್ನ ನೌಕರರ ಇಂಥ ಬರವಣಿಗೆ ತಿದ್ದಲು ಅರ್ನೆಸ್ಟ್ ಗೌವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ಪುಸ್ತಿಕೆ ಬರೆಸಿತ್ತು. ಅದು ಬಂದದ್ದು 1948ರಲ್ಲಿ. ನಾವು ಮಾತ್ರ ಇನ್ನೂ ಬಿಟ್ಟಿಲ್ಲ.

ಬರೆಯುವಾಗಲೇ ಇದನ್ನೆಲ್ಲ ನೆನೆಯುತ್ತಾ ಕೂರಬೇಡ, ಕೈ ಓಡುವುದಿಲ್ಲ. ಮೊದಲು ಬರೆದು ಮುಗಿಸು. ಮರುದಿನ ಜೋರಾಗಿ ಓದು. ಎಲ್ಲಿ ಉಸಿರು ಸಾಲುವುದಿಲ್ಲವೋ ಅಲ್ಲಿ ವಾಕ್ಯ ಮುರಿ. ಪ್ಯಾರಾ ಅರ್ಥವಾಗದೆ ನಿಂತರೆ, ಇಲ್ಲಿ ಏನು ಹೇಳಬೇಕಿತ್ತು ಅಂತ ರೂಮ್‌ಮೇಟಿಗೆ ಕನ್ನಡದಲ್ಲಿ ಹೇಳು. ವಿಷಯವನ್ನು ಆ ಮಾತಿನಿಂದ ತೆಗೆದುಕೋ, ಜೋಡಣೆಯನ್ನು ತೆಗೆದುಕೊಳ್ಳಬೇಡ. ನಿಮ್ಮ ಗೈಡ್‌ಗೆ "ಇಟ್ ವಾಸ್ ಅಬ್ಸರ್ವ್ಡ್" ಬೇಕೇ ಬೇಕು ಅಂದರೆ ವಾದಕ್ಕೆ ಇಳಿಯಬೇಡ, ಒಂದೆರಡು ಕಡೆ ಇರಲಿ ಬಿಡು. ಡಿಗ್ರಿ ಮುಖ್ಯ.

ಕೃಷಿ ವಿಶ್ವವಿದ್ಯಾಲಯದ ಹಾಸ್ಟೆಲ್ ಊಟ ಹೊಂದಿತಾ? ಮುಂದಿನ ಅಧ್ಯಾಯವನ್ನು ಪ್ರಿಂಟ್ ತೆಗೆದು ಕಳಿಸು. ಸಾಲುಗಳ ನಡುವೆ ಜಾಗ ಬಿಡು, ನನ್ನ ಕೆಂಪು ಪೆನ್ನಿಗೆ ಬೇಕು. ಮೊಬೈಲಿನಲ್ಲಿ ಓದಲು ಕಣ್ಣು ಕೇಳುವುದಿಲ್ಲ.

ಇಂತಿ ನಿನ್ನ,
ಮಾಮಾ