ಪೀಣ್ಯಕ್ಕೆ ಸೆಟ್ಟರ್‌ಗಳು ಬೇಕು

ಮಾನ್ಯ ಸಂಪಾದಕರೇ,

ತಂತ್ರಜ್ಞಾನ ಕೆಲಸ ಕಸಿಯುತ್ತದೆ ಎಂಬ ಚರ್ಚೆ ಬೆಂಗಳೂರಿನಲ್ಲಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ದಾಟಿ ಬರುವುದೇ ಅಪರೂಪ. ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದ ಸಣ್ಣ ಕಾರ್ಖಾನೆಗಳಲ್ಲಿ ಆ ಬದಲಾವಣೆ ಎಂದೋ ಆಗಿಹೋಗಿದೆ. ಕೈಲೇತ್ ಓಡಿಸುತ್ತಿದ್ದ ಟರ್ನರ್ ಜಾಗಕ್ಕೆ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಓಡುವ ಯಂತ್ರ) ಬಂತು, ಒಂದು ಕೆಲಸ ಎರಡಾಗಿ ಒಡೆಯಿತು. ಜಾಬ್ (ತಯಾರಿಸಬೇಕಾದ ಬಿಡಿಭಾಗ) ಹಾಕಿ, ಬಾಗಿಲು ಮುಚ್ಚಿ, ಗುಂಡಿ ಒತ್ತುವವರು ಆಪರೇಟರ್. ಡ್ರಾಯಿಂಗ್ ಓದಿ, ಜಾಬ್ ಹಿಡಿಯುವ ಚಕ್‌ನ ದವಡೆಗಳನ್ನು (ಜಾ) ಬೋರ್ ಮಾಡಿ, ಅಂದರೆ ಒಳಗೆ ಅಳತೆಗೆ ಕೊರೆದು, ಟೂಲ್ ಕಟ್ಟಿ, ಆಫ್‌ಸೆಟ್ (ಟೂಲ್ ಸ್ಥಾನದ ಅಳತೆ) ಹಿಡಿದು, ಮೊದಲ ಜಾಬ್ ಓಕೆ ಮಾಡಿಸುವವರು ಸೆಟ್ಟರ್. ಆಪರೇಟರ್ ಕೆಲಸವನ್ನು ವಾರದಲ್ಲಿ ಕಲಿಸಬಹುದು. ಬದಲಿ ಜನರೂ ಅಷ್ಟೇ ಬೇಗ ಸಿಗುತ್ತಾರೆ, ಹಾಗಾಗಿ ಸಂಬಳ ಏರುವುದಿಲ್ಲ. ಸೆಟ್ಟರ್ ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಈ ಕೊರತೆ ಈಗ ಹೆಚ್ಚು ಕಾಡುತ್ತಿರುವುದು ಲಾಟ್‌ಗಳು (ಒಂದು ಸೆಟ್ಟಿಂಗ್‌ನಲ್ಲಿ ಮಾಡುವ ಒಂದೇ ಬಗೆಯ ಜಾಬ್‌ಗಳ ಗುಂಪು) ಸಣ್ಣದಾಗುತ್ತಿರುವುದರಿಂದ. ಎಲೆಕ್ಟ್ರಿಕ್ ವಾಹನದಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ರ್ಯಾಂಕ್‌ಶಾಫ್ಟ್ ಇಲ್ಲ. ವರ್ಷವಿಡೀ ಒಂದೇ ವಾಲ್ವ್ ಗೈಡ್ ಮಾಡಿ ಬದುಕುವ ಶಾಪ್‌ಗಳು ಇನ್ನು ಇವತ್ತು ಮೋಟರ್ ಶಾಫ್ಟ್, ನಾಳೆ ಪಂಪಿನ ಬುಷ್ (ಟೊಳ್ಳು ಕೊಳವೆಯಂಥ ಭಾಗ) ಎಂದು ಚಿಲ್ಲರೆ ಆರ್ಡರ್ ಹಿಡಿಯಲೇಬೇಕು. ಲೆಕ್ಕ ಹಾಕಿ: ಒಂದು ಜಾಬ್‌ಗೆ 2 ನಿಮಿಷ, ಸೆಟ್ಟಿಂಗ್‌ಗೆ 2 ಗಂಟೆ. 5,000 ಜಾಬ್‌ಗಳ ಲಾಟ್‌ನಲ್ಲಿ ಸೆಟ್ಟಿಂಗ್ ತಿನ್ನುವುದು ಒಟ್ಟು ಸಮಯದ ಶೇ 1ರಷ್ಟು. 200ರ ಲಾಟ್‌ನಲ್ಲಿ ಶೇ 23. ಟೂಲ್‌ಗಳನ್ನು ಮೊದಲೇ ಹೋಲ್ಡರ್‌ಗೆ ಕಟ್ಟಿಟ್ಟು, ಜಾಗಳಿಗೆ ಗುರುತು ಹಾಕಿಟ್ಟುಕೊಳ್ಳುವ ಸೆಟ್ಟರ್ ಇದನ್ನು 40 ನಿಮಿಷಕ್ಕೆ ತಂದರೆ ಶೇ 9. ಯಂತ್ರವೂ ಅದೇ, ಕರೆಂಟ್ ಬಿಲ್ಲೂ ಅದೇ.

ಎಲ್ಲಿ ಎಡವುತ್ತದೆ ಎಂಬುದು ಶಾಪ್‌ನಲ್ಲಿ ನಿಂತವರಿಗೆ ಗೊತ್ತು. ವ್ಯಾಸ 0.02 ಮಿ.ಮೀ. ಹೆಚ್ಚು ಬಂದರೆ ವೇರ್ ಆಫ್‌ಸೆಟ್‌ಗೆ (ಟೂಲ್ ಸವೆತಕ್ಕೆ ಮಾಡುವ ತಿದ್ದುಪಡಿಗೆ) ಮೈನಸ್ 0.02 ಕೂಡಿಸಬೇಕು. ಯಂತ್ರ ನಡೆಸುವ ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ ಅದಕ್ಕೆ ‘ಪ್ಲಸ್ ಇನ್‌ಪುಟ್’ ಒತ್ತಬೇಕು. ಬರೀ ‘ಇನ್‌ಪುಟ್’ ಒತ್ತಿದರೆ ಅಲ್ಲಿದ್ದ ಹಳೆಯ ತಿದ್ದುಪಡಿ ಅಳಿಸಿಹೋಗಿ ಸೈಜ್ ಎಲ್ಲೆಲ್ಲಿಗೋ ಹೋಗುತ್ತದೆ. ಪ್ರೋಗ್ರಾಂನಲ್ಲಿ 50 ಮಿ.ಮೀ. ಎಂದು ಹೇಳಲು ‘50.’ ಬರೆಯುವಾಗ ಕೊನೆಯ ದಶಮಾಂಶ ಚುಕ್ಕೆ ಬಿಟ್ಟುಹೋದರೆ, ಪ್ಯಾರಾಮೀಟರ್ ಹೊಂದಿಸಿದ ರೀತಿಯ ಮೇಲೆ, ಕಂಟ್ರೋಲ್ ಅದನ್ನು 50 ಮೈಕ್ರಾನ್ (0.05 ಮಿ.ಮೀ.) ಎಂದು ಓದಿ ಟೂಲನ್ನು ಸೀದಾ ಜಾಬ್‌ಗೆ ನುಗ್ಗಿಸಬಹುದು. ಆಮೇಲೆ ಟರೆಟ್‌ನ (ಟೂಲ್‌ಗಳನ್ನು ಹಿಡಿಯುವ ತಿರುಗುವ ತಲೆ) ಅಲೈನ್‌ಮೆಂಟ್ ಸರಿಮಾಡಲು ಯಂತ್ರ ದಿನಗಟ್ಟಲೆ ನಿಲ್ಲುತ್ತದೆ.

ಇನ್ನೂ ಕಷ್ಟದ್ದು ತೆಳು ಗೋಡೆಯ ಬುಷ್. ಮೂರು ಜಾಗಳ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಬಿಟ್ಟ ತಕ್ಷಣ ಬೋರ್ ಮೂರು ಉಬ್ಬಿನ ಆಕಾರಕ್ಕೆ ತಿರುಗುತ್ತದೆ. ಮಜಾ ಎಂದರೆ, ಎದುರುಬದುರಿನ ಎರಡು ಬಿಂದುಗಳನ್ನಷ್ಟೇ ಮುಟ್ಟುವ ಗೇಜ್ ಎಲ್ಲಿಟ್ಟರೂ ಹೆಚ್ಚುಕಡಿಮೆ ಒಂದೇ ಸೈಜ್ ತೋರಿಸುತ್ತದೆ. ಲಾಟ್ ಗ್ರಾಹಕರ ಪರೀಕ್ಷೆಯಲ್ಲಿ ಬಿದ್ದು ವಾಪಸ್ ಬರುತ್ತದೆ. ಇದು ತಪ್ಪಬೇಕಾದರೆ ಸಾಫ್ಟ್ ಜಾವನ್ನು (ಕೊರೆದು ಹೊಂದಿಸಬಹುದಾದ ಮೆದು ದವಡೆ) ಜಾಬಿನ ವ್ಯಾಸಕ್ಕೇ, ಹಿಡಿಯುವ ಒತ್ತಡದಲ್ಲೇ ಬೋರ್ ಮಾಡಬೇಕು. ಫಿನಿಶ್ ಕಟ್‌ಗೆ ಮುಂಚೆ ಚಕ್ ಒತ್ತಡ ಇಳಿಸಬೇಕು. ಕಂಪ್ಯೂಟರ್ ಪರದೆಯ ಸಿಮ್ಯುಲೇಟರ್‌ನಲ್ಲಿ ಇದು ಯಾವುದೂ ಕಾಣುವುದಿಲ್ಲ.

ಈಗ ಸರ್ಕಾರದ ಕಡೆ ಬರೋಣ. ಟಾಟಾ ಟೆಕ್ನಾಲಜೀಸ್ ಜತೆ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದ್ದು ಒಳ್ಳೆಯ ಕೆಲಸ. 2025–30ರ ಕೈಗಾರಿಕಾ ನೀತಿ 20 ಲಕ್ಷ ಉದ್ಯೋಗದ ಗುರಿ ಇಟ್ಟುಕೊಂಡು ಹೂಡಿಕೆಗೆ ಪ್ರೋತ್ಸಾಹಧನ ಕೊಡುತ್ತದೆ. ಅಪ್ರೆಂಟಿಸ್ ತೆಗೆದುಕೊಂಡರೆ ಕೇಂದ್ರ ಸರ್ಕಾರ ಶಿಷ್ಯವೇತನದ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಭರಿಸುವ ಯೋಜನೆಯೂ ಇದೆ. ಆದರೆ ಈ ಹಣ ಹೋಗುವುದು ಯಂತ್ರಕ್ಕೆ, ಇಲ್ಲವೇ ಹೊಸಬರಿಗೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ತರಬೇತಿ ಪಡೆಯುವವರು, ಕಾರ್ಮಿಕರಲ್ಲ. ಹತ್ತು ವರ್ಷದಿಂದ ಗುಂಡಿ ಒತ್ತುತ್ತಿರುವ ಆಪರೇಟರ್ ಆ ದಾರಿಯಲ್ಲಿ ಬರಲು ಆಗುವುದೇ ಇಲ್ಲ. ನಮ್ಮ ಪ್ರಕಾರ ಬೇಗ ಸೆಟ್ಟರ್ ಆಗಬಲ್ಲವರು ಇವರೇ. ಶಬ್ದ ಕೇಳಿಯೇ ಇನ್ಸರ್ಟ್ (ಟೂಲ್‌ನ ಕತ್ತರಿಸುವ ತುದಿ) ಸವೆದಿದೆ ಎನ್ನುವಷ್ಟು ಕಿವಿ ಪಳಗಿರುತ್ತದೆ.

ಇವರಿಗಾಗಿ ಐಟಿಐ ಮತ್ತು ಜಿಟಿಟಿಸಿಗಳಲ್ಲಿ (ಸರ್ಕಾರಿ ಟೂಲ್‌ರೂಂ ಮತ್ತು ತರಬೇತಿ ಕೇಂದ್ರ) ಆರು ತಿಂಗಳ ಭಾನುವಾರದ ಬ್ಯಾಚ್ ನಡೆಸಬೇಕು. ಮೊದಲ ಎರಡು ತಿಂಗಳು ಡ್ರಾಯಿಂಗ್ ಮತ್ತು ಅಳತೆ ಮಾತ್ರ. ಜಿ ಕೋಡ್, ಅಂದರೆ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಭಾಷೆ, ಆಮೇಲೆ. ಜಿ ಕೋಡ್‌ನಿಂದ ಶುರು ಮಾಡಿದ ಬ್ಯಾಚ್‌ಗಳು ಪ್ರೋಗ್ರಾಂ ಬರೆಯಲು ಕಲಿಯುತ್ತವೆ, ಸೈಜ್ ಹಿಡಿಯಲು ಕಲಿಯುವುದಿಲ್ಲ. ಬಜೆಟ್‌ನಲ್ಲಿ ಇನ್ಸರ್ಟ್‌ಗೂ ಕಚ್ಚಾ ಬಾರ್‌ಗೂ ಬೇರೆ ಹಣ ತೆಗೆದಿಡಬೇಕು. ಕೋಟಿಯ ಯಂತ್ರ ಕೊಂಡು ಕೆಲವು ನೂರು ರೂಪಾಯಿಯ ಇನ್ಸರ್ಟ್ ಮುರಿದೀತೆಂದು ಕಲಿಯುವವರನ್ನು ದೂರ ನಿಲ್ಲಿಸುವುದು ಮೂರ್ಖತನ. ಪರೀಕ್ಷೆಗೆ ಬಹು ಆಯ್ಕೆ ಪ್ರಶ್ನೆ ಬೇಡ: ಒಂದು ಡ್ರಾಯಿಂಗ್, ಒಂದು ಬಾರ್, ಖಾಲಿ ಟರೆಟ್, ಎರಡೂವರೆ ಗಂಟೆ. ವ್ಯಾಸ 25 ಮಿ.ಮೀ. ಎಚ್6 (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸದ ದರ್ಜೆ), ಅಂದರೆ 13 ಮೈಕ್ರಾನ್ ಒಳಗೆ ಬಂದರೆ ಪಾಸ್.

ಕಲಿಸಿದವರು ಪಕ್ಕದ ಶಾಪ್‌ಗೆ ಹೋಗುತ್ತಾರೆ ಎಂಬ ಮಾಲೀಕರ ಭಯ ಸುಳ್ಳಲ್ಲ. ಆದ್ದರಿಂದ ಶುಲ್ಕ ಮಾಲೀಕರ ಮೇಲೆ ಬೀಳಬಾರದು, ಸರ್ಕಾರವೇ ಕೊಡಬೇಕು. ಪ್ರವೇಶಕ್ಕೆ ಕಂಪನಿಯ ಪತ್ರವನ್ನೂ ಕೇಳಬಾರದು. ಗುತ್ತಿಗೆಯಲ್ಲಿರುವ ಆಪರೇಟರ್‌ಗೆ ಅಂಥ ಪತ್ರ ಬರೆದುಕೊಡುವವರು ಯಾರು? ಪಿಎಫ್‌ನ ಯುಎಎನ್ ಸಂಖ್ಯೆ ಮತ್ತು ಎರಡು ವರ್ಷದ ವಂತಿಗೆ ದಾಖಲೆ ಇದ್ದರೆ ಸಾಕು ಎಂದು ಕೌಶಲ ಇಲಾಖೆ ಆದೇಶ ಹೊರಡಿಸಲಿ.

– ಸಿಎನ್‌ಸಿ ತರಬೇತುದಾರರು, ಪೀಣ್ಯ 2ನೇ ಹಂತ, ಬೆಂಗಳೂರು