ಆಸ್ಪತ್ರೆ ಕೆಲಸಕ್ಕೆ ಸೇರಿದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಬೀದಿಯಲ್ಲಿ ಮಲಗುವ ಪೇಷಂಟುಗಳ ಬಗ್ಗೆ "ವಾಸನೆ ಬರುತ್ತೆ ದೊಡ್ಡಮ್ಮ, ಹತ್ತಿರ ಹೋಗೋಕೇ ಆಗಲ್ಲ" ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ನಾಚಿಕೆ ಪಡಬೇಡ. ಬರುತ್ತೆ. ತಿಂಗಳುಗಟ್ಟಲೆ ಸ್ನಾನ ಇಲ್ಲ, ಚಿಕ್ಕಮಗಳೂರಿನ ಆ ಮಳೆಯಲ್ಲಿ ನೆಂದ ಬಟ್ಟೆ ಮೈಮೇಲೇ ಒಣಗಬೇಕು, ಕಾಲಲ್ಲಿ ಗಾಯ ಬೇರೆ. ಇನ್ನೇನು ಮಲ್ಲಿಗೆ ಘಮ ಬರುತ್ತಾ? ಮಾಸ್ಕಿನ ಒಳಗೆ ಒಂಚೂರು ವಿಕ್ಸ್ ಸವರಿಕೊಂಡು ಹೋಗು, ನಾವೆಲ್ಲ ಹಾಗೇ ಮಾಡುತ್ತಿದ್ದೆವು. ಮುಖ ಮಾತ್ರ ಕಿವುಚಬೇಡ, ಮಾಸ್ಕ್ ಹಾಕಿದ್ದರೂ ಕಣ್ಣಲ್ಲಿ ಗೊತ್ತಾಗುತ್ತೆ.

ಬೀದಿಯಲ್ಲಿ ಮಲಗುವವರು ಬಂದರೆ ನೀನು ದಾನ ಧರ್ಮ ಏನೂ ಮಾಡಬೇಕಿಲ್ಲ. ಕೈಯಿಂದ ದುಡ್ಡು ಕೊಡಬೇಕಿಲ್ಲ, ಕಣ್ಣೀರೂ ಬೇಡ. ಮನೆ ಇರುವ ಪೇಷಂಟಿಗೆ ಏನೇನು ಮಾಡುತ್ತೀಯೋ ಅಷ್ಟನ್ನೂ ಇವರಿಗೂ ಮಾಡು, ಒಂದನ್ನೂ ಬಿಡದೆ. ಬಡವರನ್ನು ಬೈದು ಓಡಿಸುವ ಸಿಸ್ಟರ್‌ಗಳು ನಮ್ಮಲ್ಲಿ ಕಡಿಮೆ. ಕೆಲಸದಲ್ಲಿ ಚೂರು ಚೂರು ಬಿಡುವವರು ಜಾಸ್ತಿ. ನೋಡದೆಯೇ ಬಿಪಿ ಬರೆದುಬಿಡೋದು, ಡ್ರೆಸ್ಸಿಂಗನ್ನು ಅಟೆಂಡರ್ ಕೈಗೆ ಕೊಡೋದು, "ಕುಡಿದಿದ್ದಾನೆ ಬಿಡೇ" ಅಂತ ಮೂಲೆಯಲ್ಲಿ ಮಲಗಿಸೋದು. ಈ ಕೊನೆಯದರಲ್ಲಿ ಪ್ರಾಣವೇ ಹೋಗಬಹುದು. ಶುಗರ್ ಇಳಿದವನೂ ಕುಡಿದವನ ಹಾಗೇ ತೊದಲುತ್ತಾನೆ, ತಲೆಗೆ ಏಟು ಬಿದ್ದವನೂ ಅಷ್ಟೇ. ಬಾಯಲ್ಲಿ ಎಣ್ಣೆ ವಾಸನೆ ಹೊಡೆಯುತ್ತಿದ್ದರೂ ಬೆರಳು ಚುಚ್ಚಿ ಶುಗರ್ ನೋಡು.

ಕೇಸ್ ಶೀಟಿನಲ್ಲಿ "ಅಪರಿಚಿತ ಗಂಡಸು, ಸುಮಾರು 60 ವರ್ಷ" ಅಂತ ಬರೆಯೋ ಮೊದಲು ಪಕ್ಕದಲ್ಲಿ ಕೂತು ಹೆಸರು ಕೇಳು. ಇವತ್ತು ಹೇಳದಿದ್ದರೆ ನಾಳೆ ಕಾಫಿ ಕೊಟ್ಟಾದ ಮೇಲೆ, "ಯಾವೂರಾಯ್ತು ಅಜ್ಜ?" ಅಂತ ಮತ್ತೆ ಕೇಳು. ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕ ತನ್ನ ಹೆಸರು ಬಾಯಿಬಿಡುತ್ತಿರಲಿಲ್ಲ, ಏನು ಕೇಳಿದರೂ ಸಾಹುಕಾರರ ಹೆಸರೇ ಹೇಳೋನು. ಆ ಹೆಸರು ಹಿಡಿದೇ ಮೂಡಿಗೆರೆ ಕಡೆಯ ತೋಟ ಯಾವುದು ಅಂತ ಪತ್ತೆಯಾಯಿತು. ನಿಮ್ಮ ಜಿಲ್ಲೆಯಲ್ಲಿ ಇಂಥವರು ಸಿಗುತ್ತಾರೆ ನೋಡು. ಕಾಫಿ ತೋಟದ ಲೈನ್ ಮನೆ ಕೆಲಸದ ಜೊತೆ ಬರೋದು, ಕೆಲಸ ಹೋದರೆ ಮನೆಯೂ ಹೋಯಿತು. ಬೆನ್ನು ಬಾಗಿ ಹಣ್ಣು ಕುಯ್ಯೋಕೆ ಆಗದವರು ಮಗನ ಮನೆ ಸೇರಿಕೊಳ್ಳುತ್ತಾರೆ, ಮಗ ಇಲ್ಲದವರು ಬಸ್‌ಸ್ಟ್ಯಾಂಡ್ ಸೇರಿಕೊಳ್ಳುತ್ತಾರೆ. "ದುಡಿದು ತಿನ್ನೋಕೆ ಇವರಿಗೇನು ದಾಡಿ" ಅಂತ ನಿನ್ನ ಜೊತೆಯವಳು ಅಂದಳಂತಲ್ಲ, ನಮ್ಮನ್ನೆಲ್ಲ ಮೀರಿಸಿ ದುಡಿದವರು ಇರ್ತಾರೆ ಕಣೇ ಅವರಲ್ಲಿ.

ಇನ್ನು ಅವರ ಗಂಟು. ವಾರ್ಡ್ ಕ್ಲೀನ್ ಮಾಡ್ತೀವಿ ಅಂತ ಮೊದಲು ಅದನ್ನೇ ಎತ್ತಿ ಬಿಸಾಕುತ್ತಾರೆ. ಬಿಡಬೇಡ. ಮೇಲೆ ನೋಡಿದರೆ ಗಲೀಜು ಚೀಲ, ಒಳಗೆ ಹಳೇ ರೇಷನ್ ಕಾರ್ಡಿನ ಜೆರಾಕ್ಸ್ ಇರುತ್ತೆ, ಪ್ಲಾಸ್ಟಿಕ್ ಕವರಿನಲ್ಲಿ ಮಗಳ ಮದುವೆ ಫೋಟೋ ಇರುತ್ತೆ, ಯಾವುದೋ ಊರಿನ ಆಸ್ಪತ್ರೆ ಚೀಟಿ ಇರುತ್ತೆ. ಆ ಚೀಟಿಯಲ್ಲೇ ಹೆಸರೂ ರೋಗವೂ ಎಷ್ಟೋ ಸಲ ಸಿಕ್ಕಿಬಿಡುತ್ತೆ. ಅವರನ್ನು ಕೇಳಿ, ಅವರ ಎದುರಿಗೇ ಬಿಚ್ಚು. ಹಳಸಿದ ತಿಂಡಿ ಇದ್ದರೆ ಮಾತ್ರ ತೆಗಿ. ಉಳಿದದ್ದನ್ನು ಕಟ್ಟಿ, ಪ್ಲಾಸ್ಟರ್ ಮೇಲೆ ಹೆಸರು ಬರೆದು ಅಂಟಿಸಿ, ಮಲಗಿದರೂ ಕಾಣುವ ಹಾಗೆ ಮಂಚದ ಪಕ್ಕ ಇಡು. ಗಂಟು ಕಣ್ಣಿಗೆ ಬೀಳುತ್ತಿದ್ದರೆ ರಾತ್ರಿ ಹೇಳದೆ ಕೇಳದೆ ಎದ್ದು ಹೋಗಿಬಿಡೋದು ಕಡಿಮೆ.

ಹುಳ ಬಿದ್ದ ಗಾಯ ನಿನಗೆ ಬೇಗ ಸಿಗುತ್ತೆ, ಹೆದರಬೇಡ. ಟರ್ಪೆಂಟೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟು ಕಾದರೆ ಹುಳ ಮೇಲೆ ಬರುತ್ತವೆ, ಫೋರ್ಸೆಪ್ಸಿನಲ್ಲಿ ತೆಗೆಯೋದು. ಆಳದಲ್ಲಿ ಇರೋದು ಮಾರನೇ ದಿನ ಬರುತ್ತೆ, ಹಾಗಾಗಿ ಒಂದೇ ದಿನಕ್ಕೆ ಕಳಿಸಿಬಿಡಬೇಡಿ ಅಂತ ಡಾಕ್ಟರಿಗೆ ನೀನೇ ನೆನಪು ಮಾಡು.

ಡಿಸ್ಚಾರ್ಜ್ ಮಾಡುವಾಗ ಮಾತ್ರ ಇವರಿಗೆ ಒಂದು ಪ್ರಶ್ನೆ ಜಾಸ್ತಿ ಕೇಳಬೇಕು: ಇವತ್ತು ರಾತ್ರಿ ಎಲ್ಲಿ ಮಲಗುತ್ತೀರಿ? ಕಾಲು ಊದಿಕೊಂಡ ಹೆಂಗಸೊಬ್ಬಳು ನಮ್ಮಲ್ಲಿಗೆ ಮತ್ತೆ ಮತ್ತೆ ಬರೋಳು. ಮಾತ್ರೆ ಕೊಟ್ಟರೂ ನುಂಗುತ್ತಿರಲಿಲ್ಲ. ಎಲ್ಲರೂ ಬೈದಿದ್ದೇ ಬೈದಿದ್ದು. ಕೊನೆಗೆ ಅವಳೇ ಹೇಳಿದಳು: "ಆ ಮಾತ್ರೆ ತಗೊಂಡರೆ ಗಳಿಗೆಗೊಂದು ಸಲ ಒಂದಕ್ಕೆ ಹೋಗಬೇಕು ಸಿಸ್ಟರ್, ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ ಹೆಂಗಸು ಎಲ್ಲಿಗೆ ಹೋಗಲಿ, ಅಲ್ಲಿ ಪ್ರತಿ ಸಲ ದುಡ್ಡು ಕೇಳ್ತಾರೆ." ಡಾಕ್ಟರು ಸಂಜೆಯ ಡೋಸ್ ತೆಗೆದು ಬೆಳಿಗ್ಗೆ ಹೊತ್ತಿಗೆ ಮಾಡಿದರು, ಆಮೇಲೆ ನುಂಗಿದಳು. ಊಟ ಆದ ಮೇಲೆ ಅಂತ ಚೀಟಿಯಲ್ಲಿ ಬರೆಯುತ್ತೀವಲ್ಲ, ಊಟ ಎಲ್ಲಿ ಅಂತಲೂ ಕೇಳು. ಇಂದಿರಾ ಕ್ಯಾಂಟೀನಿಗೆ ದಾರಿ ಹೇಳಿ ಕಳಿಸಬಹುದು, ತಿಂಡಿಗೆ 5 ರೂಪಾಯಿ, ಊಟಕ್ಕೆ 10.

ಕಾನೂನೂ ಸ್ವಲ್ಪ ಗೊತ್ತಿರಲಿ, ಜಗಳ ಆದಾಗ ಉಪಯೋಗಕ್ಕೆ ಬರುತ್ತೆ. ಆಧಾರ್ ಇಲ್ಲ, ಜೊತೆಗೆ ಯಾರೂ ಇಲ್ಲ ಅಂತ ಯಾರಾದರೂ ವಾಪಸ್ ಕಳಿಸೋಕೆ ನೋಡಿದರೆ ಸುಮ್ನೆ ಇರಬೇಡ. ಜೀವ ಉಳಿಸೋದು ಮೊದಲು, ಪೊಲೀಸ್ ಕಾಗದ ಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬುದ್ಧಿ ಸ್ಥಿಮಿತ ಇಲ್ಲದೆ ಅಲೆಯುವವರನ್ನು ಪೊಲೀಸರು ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆತರಬೇಕು, ಮನೆಯವರನ್ನು ಹುಡುಕೋದೂ ಅವರದೇ ಜವಾಬ್ದಾರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್. ನಂಬರು ಹೇಳಿದರೆ ಪೊಲೀಸರೂ ಸ್ವಲ್ಪ ಮೆತ್ತಗಾಗುತ್ತಾರೆ! ನಗರಸಭೆಗೊಂದು ಫೋನ್ ಮಾಡಿ ನಿರಾಶ್ರಿತರ ತಂಗುದಾಣದ ವಿಚಾರ ಕೇಳಿ ಬರೆದಿಟ್ಟುಕೋ. ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ಜಾಗ ಬೇಕು ಅನ್ನೋದು ಸರ್ಕಾರದ್ದೇ ಲೆಕ್ಕ. ನಮ್ಮ ತೆರಿಗೆ ದುಡ್ಡು ಇವರಿಗ್ಯಾಕೆ ಅಂತ ಯಾರಾದರೂ ಗೊಣಗಿದರೆ ಮನೆ ಕಂದಾಯದ ರಸೀದಿ ತೆಗೆದು ನೋಡಿ ಅನ್ನು. ಅದರ ಜೊತೆ 3% ಭಿಕ್ಷುಕರ ಕರ ಅಂತ 1975ರ ಕಾಯ್ದೆ ಪ್ರಕಾರ ಕಟ್ಟಿಸಿಕೊಳ್ಳೋದೇ ಭಿಕ್ಷುಕರ ಪುನರ್ವಸತಿಗೆ.

ಎಲ್ಲರೂ ಕೈಮುಗಿಯುತ್ತಾರೆ ಅಂದುಕೊಳ್ಳಬೇಡ. ಕೆಲವರು ಬೈಯುತ್ತಾರೆ, ತಟ್ಟೆ ಎಸೆಯುತ್ತಾರೆ. ಏಟು ತಿನ್ನುವಷ್ಟು ಒಳ್ಳೆಯವಳಾಗೋದು ಬೇಡ, ಸೆಕ್ಯೂರಿಟಿಯವರನ್ನು ಕರಿ, ಸಮಾಧಾನ ಆದ ಮೇಲೆ ಡ್ರೆಸ್ಸಿಂಗ್ ಮುಗಿಸು.

ಭಾನುವಾರ ನಿಮ್ಮಪ್ಪನ ಕೈಲಿ ಹಳೇ ಸ್ವೆಟರು, ಲುಂಗಿ, ನೈಟಿ ಎಲ್ಲಾ ಒಗೆದು ಕಳಿಸುತ್ತಿದ್ದೇನೆ. ನೀನೇ ಹಂಚೋಕೆ ಹೋಗಬೇಡ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಜಗಳಕ್ಕೆ ಬರುತ್ತಾರೆ. ವಾರ್ಡ್ ಇನ್‌ಚಾರ್ಜ್ ಸಿಸ್ಟರಿಗೆ ಕೊಟ್ಟು ಬೀರುವಿನಲ್ಲಿ ಇಡಿಸು, ಡಿಸ್ಚಾರ್ಜ್ ದಿನ ಕೊಡಲಿ. ಅದರಲ್ಲಿ ನೀಲಿ ಸ್ವೆಟರು ನಿನಗೇ, ನೈಟ್ ಡ್ಯೂಟಿಗೆ ಹಾಕಿಕೋ.

ನಿನ್ನ ದೊಡ್ಡಮ್ಮ,
ಹಾಸನ